ಹೊಳೆದುದನ್ನು ಬರೆದಿಡುವ ಅಭ್ಯಾಸ

‘ಅತಿಥಿ’ ಎಂಬ ಶಬ್ದಕ್ಕೆ, ಬರುವ ತಿಥಿಯನ್ನು ಮುಂದಾಗಿ ತಿಳಿಸದೆ ಬರುವವನು ಎಂದು ಅರ್ಥ ಹೇಳುವುದು ವಾಡಿಕೆ. ಮನಸ್ಸಿನಲ್ಲಿ ಹೊಳೆಯುವ ವಿಚಾರಗಳೂ ಇದೇ ಜಾತಿಗೆ ಸೇರಿದವು. ಕರೆದಾಗ ಅವು ಬಾರವು. ಕರೆಯದಿರುವಾಗ ಬಂದು ಬಾಗಿಲಲ್ಲಿ ನಿಲ್ಲುವುವು. ಕಾಗದವನ್ನೂ ಲೇಖನಿಯನ್ನೂ ಮುಂದಿಟ್ಟುಕೊಂಡು ಕುಳಿತವನಿಗೆ ಒಂದೂ ತೋರದು. ಅವನೇ ಎದ್ದು ಸ್ನಾನಕ್ಕೆ ಹೋಗಿ ತಲೆಯ ಮೇಲೆ ಎರಡು ಚೊಂಬು ನೀರು ಸುರಿದುಕೊಳ್ಳುವಷ್ಟರಲ್ಲಿ, ಮೂರು ದಿನದಿಂದ ಸಿಕ್ಕದಿದ್ದ ಉಪಾಯ ತಾನಾಗಿ ಹೊಳೆಯುವುದು. ಗೃಹಿಣಿಗೆ ಒಗ್ಗರಣೆ ಸಿಡಿಯುತ್ತಿರುವಾಗ, ಉದ್ಯೋಗಸ್ಥನಿಗೆ ಬಸ್ಸಿನ ನೂಕುನುಗ್ಗಲಿನಲ್ಲಿ, ವೃದ್ಧರಿಗೆ ನಿದ್ದೆ ಬಾರದ ಬೆಳಗಿನ ಜಾವದಲ್ಲಿ ವಿಚಾರಗಳು ಹೀಗೆಯೇ ಬರುತ್ತವೆ.

ಮನೆಗೆ ಬಂದ ಅತಿಥಿಗೆ ನಾವು ಮೊದಲು ಮಾಡುವುದೇನು? ಮಣೆಯನ್ನೋ ಚಾಪೆಯನ್ನೋ ಹಾಕಿ ಕೂಡಿಸಿ, ನೀರು ಕೊಡುವುದು. ಯಾರು, ಎಲ್ಲಿಂದ, ಏಕೆ ಬಂದರು ಎಂಬ ವಿಚಾರಣೆಯೆಲ್ಲ ಆಮೇಲೆ. ಮನಸ್ಸಿಗೆ ಬಂದ ಅತಿಥಿಗೆ ಹಾಕುವ ಮಣೆಯೆಂದರೆ ಒಂದು ತುಂಡು ಕಾಗದ. ಆ ಮಣೆಯನ್ನು ಹಾಕುವ ಅಭ್ಯಾಸವನ್ನು ಪ್ರತಿಯೊಂದು ಮನೆಯಲ್ಲಿಯೂ ಬೆಳೆಸಬೇಕೆಂಬುದೂ, ಅದನ್ನು ಬೆಳೆಸುವ ಬಗೆ ಹೇಗೆಂಬುದೂ ಈ ಲೇಖನದ ವಿಷಯ.

‘ಈಗ ಕೈ ಬಿಡುವಿಲ್ಲ, ಆಮೇಲೆ ಬರೆದರಾಯಿತು’ ಎನ್ನುವುದೇ ಲೋಕರೂಢಿ. ವಿಚಾರವು ಹೊಳೆದ ಕ್ಷಣದಲ್ಲಿ ಎಷ್ಟು ಸ್ಪಷ್ಟವಾಗಿ ತೋರುವುದೆಂದರೆ, ಇದನ್ನು ಮರೆಯುವುದಾದರೂ ಹೇಗೆ ಎಂದು ನಾವು ನಂಬಿಬಿಡುತ್ತೇವೆ. ಸಂಜೆಯಾಗುವಷ್ಟರಲ್ಲಿ, ‘ಏನೋ ಒಂದು ಒಳ್ಳೆಯ ಮಾತು ಹೊಳೆದಿತ್ತು’ ಎಂದು ಹಣೆ ಉಜ್ಜಿಕೊಳ್ಳುತ್ತ ಕೂಡುತ್ತೇವೆ. ಹೊಳೆದಿತ್ತೆಂಬ ನೆನಪು ಮಾತ್ರ ಉಳಿದು, ಹೊಳೆದದ್ದು ಹೊರಟುಹೋಗಿರುತ್ತದೆ. ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ಪಂಡಿತನು ಅರ್ಥವಿಲ್ಲದ ಅಕ್ಷರಗುಂಪುಗಳ ಸಾಲುಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುವುದೆಂದು ಬಹುಕಾಲ ಪರೀಕ್ಷಿಸಿ, ಅದರ ಫಲವನ್ನು 1885ರಲ್ಲಿ ಪ್ರಕಟಿಸಿದನು. ಒಂದು ಗಂಟೆ ಕಳೆಯುವಷ್ಟರಲ್ಲಿಯೇ ಕಲಿತ ಶ್ರಮದಲ್ಲಿ ಅರ್ಧಕ್ಕಿಂತ ಹೆಚ್ಚು ವ್ಯರ್ಥವಾಗಿರುವುದನ್ನು ಆತನು ಕಂಡನು. ಆಮೇಲೆ ಉಳಿದುದು ಮೆಲ್ಲಮೆಲ್ಲನೆ ಸವೆಯುತ್ತದೆ. ಅರ್ಥವುಳ್ಳ ವಿಚಾರವು ಅರ್ಥವಿಲ್ಲದ ಅಕ್ಷರಗಳಿಗಿಂತ ಹೆಚ್ಚು ಕಾಲ ನಿಲ್ಲುವುದು ದಿಟ. ಆದರೂ ಮರೆವು ಮೊದಲ ಗಂಟೆಯಲ್ಲಿ ಓಡುತ್ತದೆ, ಬಳಿಕ ನಡೆಯುತ್ತದೆ ಎಂಬ ಈ ಸಂಗತಿಯಿಂದ ನಾವು ಕಲಿಯತಕ್ಕುದು ಒಂದಿದೆ: ಬರೆಯುವುದಾದರೆ ಒಡನೆಯೇ ಬರೆಯಬೇಕು.

ಮರೆವಿಗೆ ಇನ್ನೊಂದು ಗುಣವುಂಟು, ಅದು ಪಕ್ಷಪಾತಿ. ಜೀವಜಾತಿಗಳ ವಿಕಾಸವನ್ನು ಕುರಿತು ಬರೆದು ಜಗತ್ಪ್ರಸಿದ್ಧನಾದ ಚಾರ್ಲ್ಸ್ ಡಾರ್ವಿನ್ ಇದನ್ನು ಚೆನ್ನಾಗಿ ಅರಿತಿದ್ದನು. ತನ್ನ ಅಭಿಪ್ರಾಯಕ್ಕೆ ವಿರುದ್ಧವಾದ ಸಂಗತಿಯಾಗಲಿ ಆಲೋಚನೆಯಾಗಲಿ ಎದುರಾದಾಗ, ತಪ್ಪದೆ ಆ ಕೂಡಲೇ ಅದನ್ನು ಬರೆದಿಡುವ ನಿಯಮವನ್ನು ತಾನು ಅನೇಕ ವರ್ಷ ಪಾಲಿಸಿದುದಾಗಿ 1876ರಲ್ಲಿ ಬರೆದ ಆತ್ಮಕಥನದಲ್ಲಿ ಆತನು ಹೇಳಿದ್ದಾನೆ. ಅನುಕೂಲವಾದವು ನೆನಪಿನಲ್ಲಿ ಉಳಿಯುತ್ತವೆ, ಪ್ರತಿಕೂಲವಾದವು ಬೇಗ ಜಾರಿಹೋಗುತ್ತವೆ ಎಂಬುದು ಅದಕ್ಕೆ ಆತನು ಕೊಟ್ಟ ಕಾರಣ. 1837ನೆಯ ಜುಲೈ ತಿಂಗಳಲ್ಲಿ ಆತನು ಈ ವಿಷಯಕ್ಕಾಗಿಯೇ ಒಂದು ಟಿಪ್ಪಣಿಪುಸ್ತಕವನ್ನು ಆರಂಭಿಸಿದನು. ಆತನ ಮಹಾಗ್ರಂಥವು ಅಚ್ಚಾದುದು 1859ರಲ್ಲಿ. ನಡುವಣ 22 ವರ್ಷಗಳ ಕಾಲ ತನ್ನ ವಿಚಾರವನ್ನು ತಾನೇ ಎದುರುವಾದಿಯಂತೆ ಪರೀಕ್ಷಿಸಲು ಆತನಿಗೆ ನೆರವಾದುವು ಇಂತಹ ಬರೆಹಗಳು.

ಇದು ವಿಜ್ಞಾನಿಗಳಿಗೆ ಮಾತ್ರ ಸಲ್ಲುವ ಮಾತೆಂದು ತಿಳಿಯಬಾರದು. ‘ಈ ಹುಡುಗ ಪುಸ್ತಕವನ್ನು ಮುಟ್ಟುವುದೇ ಇಲ್ಲ’ ಎಂದು ಒಮ್ಮೆ ನಿಶ್ಚಯಿಸಿಕೊಂಡ ತಾಯಿಗೆ, ಅವನು ಮುಟ್ಟದ ಸಂಜೆಗಳೆಲ್ಲ ನೆನಪಿರುತ್ತವೆ. ತಾನಾಗಿ ಕುಳಿತು ಓದಿದ ನಾಲ್ಕು ಸಂಜೆಗಳು ಮರೆತುಹೋಗಿರುತ್ತವೆ. ಆ ನಾಲ್ಕನ್ನು ತೇದಿಯೊಡನೆ ಬರೆದಿಟ್ಟು, ಆ ದಿನಗಳಲ್ಲಿ ವಿಶೇಷವೇನಿತ್ತೆಂದು ಯೋಚಿಸಿದರೆ, ಹುಡುಗನಿಗೆ ಬೈಗುಳಕ್ಕಿಂತ ಹಿತವಾದ ಔಷಧವು ದೊರೆಯಬಹುದು.

ಇಲ್ಲಿ ಒಂದು ಆಕ್ಷೇಪವು ಏಳುವುದು ಸಹಜ. ‘ನಮ್ಮ ಪೂರ್ವಿಕರು ವೇದಗಳನ್ನೇ ಕಂಠದಲ್ಲಿ ಉಳಿಸಿದರಲ್ಲ! ಪುಸ್ತಕವನ್ನು ನಂಬಿ ಕುಳಿತ ವಿದ್ಯೆ ಸಮಯಕ್ಕೆ ಒದಗದೆಂದು ನೀತಿಕಾರರೂ ಎಚ್ಚರಿಸಿದ್ದಾರಲ್ಲ!’ ಎಂದು ಕೆಲವರು ಕೇಳಬಹುದು. ಸಂಸ್ಕೃತ ಪಾಠಶಾಲೆಯಲ್ಲಿ ಬಾಯಿಪಾಠದಿಂದಲೇ ಬೆಳೆದ ನನಗೆ ಆ ಪದ್ಧತಿಯಲ್ಲಿ ಇರುವ ಗೌರವವು ಸಣ್ಣದಲ್ಲ. ಆದರೆ ಆ ಕಂಠಪಾಠದ ಹಿಂದೆ ಇದ್ದ ಏರ್ಪಾಡನ್ನು ನಾವು ಗಮನಿಸಬೇಕು. ಸಂಹಿತಾ, ಪದ, ಕ್ರಮ ಎಂದು ಮೂರು ಪಾಠಗಳು. ಅವುಗಳ ಮೇಲೆ ಜಟಾ, ಮಾಲಾ, ಶಿಖಾ, ರೇಖಾ, ಧ್ವಜ, ದಂಡ, ರಥ, ಘನ ಎಂದು ಎಂಟು ವಿಕೃತಿಗಳು. ಜಟಾಪಾಠವೊಂದರಲ್ಲಿಯೇ ಎರಡೆರಡು ಪದಗಳನ್ನು ಮುಂದಕ್ಕೆ ಹೇಳಿ, ಹಿಂದಕ್ಕೆ ಹೇಳಿ, ಮತ್ತೆ ಮುಂದಕ್ಕೆ ಹೇಳಬೇಕು. ಒಂದು ಸ್ವರ ತಪ್ಪಿದರೆ ತಿದ್ದಲು ಎದುರಿಗೆ ಗುರು, ಪಕ್ಕದಲ್ಲಿ ಸಹಪಾಠಿಗಳು. ಹೀಗೆ ಒಂದು ಸಮಾಜವೇ ಕಾವಲು ಕುಳಿತು ಉಳಿಸಿದುದು ಮೊದಲೇ ಸಿದ್ಧವಾಗಿದ್ದ ಪಾಠವನ್ನು. ಈ ಬೆಳಗ್ಗೆ ಹೊಸದಾಗಿ ನಿಮ್ಮೊಬ್ಬರಿಗೇ ಹೊಳೆದ ವಿಚಾರಕ್ಕೆ ಯಾವ ಗುರು, ಯಾವ ಸಹಪಾಠಿ? ಅದರ ಕಾವಲಿಗೆ ಇರುವುದು ನಿಮ್ಮ ಲೇಖನಿ ಒಂದೇ.

‘ನಮ್ಮಂತಹ ಸಾಮಾನ್ಯರಿಗೆ ಬರೆದಿಡತಕ್ಕ ವಿಚಾರಗಳೆಲ್ಲಿ ಬಂದಾವು?’ ಎಂಬುದು ಇನ್ನೊಂದು ಆಕ್ಷೇಪ. ಇದಕ್ಕೆ ಕನ್ನಡಿಗರ ಇತಿಹಾಸವೇ ಉತ್ತರ ಕೊಡುತ್ತದೆ. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಮಡಿವಾಳ ಮಾಚಯ್ಯನಿದ್ದನು, ಅಂಬಿಗರ ಚೌಡಯ್ಯನಿದ್ದನು, ಹಗ್ಗ ಹೊಸೆಯುವ ನುಲಿಯ ಚಂದಯ್ಯನಿದ್ದನು, ಆಯ್ದಕ್ಕಿ ಲಕ್ಕಮ್ಮನೂ ಇದ್ದಳು. ಕಾಯಕದ ನಡುವೆ ಮೂಡಿದ ಅವರ ಚಿಕ್ಕ ಚಿಕ್ಕ ಮಾತುಗಳು ಬರೆಹಕ್ಕೆ ಇಳಿದುವು. ಅವುಗಳನ್ನು ಕಾಪಾಡಿದ ವಚನಭಂಡಾರಿಯೆಂದು ಪರಂಪರೆಯು ಶಾಂತರಸನನ್ನು ನೆನೆಯುತ್ತದೆ. ಬಳಿಕ ಓಲೆಕಟ್ಟುಗಳು ಮನೆಗಳಲ್ಲಿಯೂ ಮಠಗಳಲ್ಲಿಯೂ ಉಳಿದುವು. ಕೆಲವು ಕಡೆ ಓದುವವರಿಲ್ಲದೆ ಪೂಜೆಯನ್ನು ಮಾತ್ರ ಪಡೆಯುತ್ತಿದ್ದುವು. ವಿಜಾಪುರದ ವಕೀಲರಾದ ಫ. ಗು. ಹಳಕಟ್ಟಿಯವರು ಅಂತಹ ಕಟ್ಟುಗಳನ್ನು ಹುಡುಕಿ, ಓದಿ, ಹೋಲಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು. ಬಟ್ಟೆ ಒಗೆಯುವಾಗ, ದೋಣಿ ನಡಸುವಾಗ, ಅಕ್ಕಿ ಆಯುವಾಗ ಹುಟ್ಟಿದ ವಿಚಾರವು ಎಂಟುನೂರು ವರ್ಷ ದಾಟಿ ನಮ್ಮ ಕೈಗೆ ಬಂದಿದ್ದರೆ, ಅದಕ್ಕೆ ಕಾರಣ ಯಾರೋ ಪುಣ್ಯಾತ್ಮರು ಅದನ್ನು ಓಲೆಗೆ ಇಳಿಸಿದರೆಂಬುದು.

ಬರೆದದ್ದು ಉಳಿಯುತ್ತದೆ, ಬರೆಯದದ್ದು ಅಳಿಯುತ್ತದೆ ಎಂಬುದಕ್ಕೆ ಒಬ್ಬರದೇ ಜೀವನದಲ್ಲಿ ಎರಡು ನಿದರ್ಶನಗಳನ್ನೂ ಕಾಣಬೇಕಾದರೆ ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಅವರ ಕಥೆಯನ್ನು ನೋಡಬೇಕು. ಅವರು 1887ರಲ್ಲಿ ಈರೋಡಿನಲ್ಲಿ ಹುಟ್ಟಿ ಕುಂಭಕೋಣದಲ್ಲಿ ಬೆಳೆದವರು. ಬಡತನದಲ್ಲಿ ಕಾಗದವನ್ನು ಕೊಳ್ಳುವುದು ಅವರಿಗೆ ಸುಲಭವಾಗಿರಲಿಲ್ಲ. ಆದುದರಿಂದ ಸ್ಲೇಟಿನ ಮೇಲೆ ಬಳಪದಿಂದ ಲೆಕ್ಕ ಮಾಡುತ್ತ, ತುಂಬಿದ ಸ್ಲೇಟನ್ನು ಮೊಣಕೈಯಿಂದಲೇ ಒರೆಸುತ್ತ ಮುಂದುವರಿಯುತ್ತಿದ್ದರೆಂದೂ, ಕಡೆಗೆ ಬಂದ ಫಲಿತವನ್ನು ಮಾತ್ರ ಪುಸ್ತಕದಲ್ಲಿ ಗುರುತುಹಾಕಿಕೊಳ್ಳುತ್ತಿದ್ದರೆಂದೂ ಅವರನ್ನು ಬಲ್ಲವರು ಹೇಳಿದ್ದಾರೆ. ಮದರಾಸಿನ ಬಂದರು ಕಛೇರಿಯಲ್ಲಿ ಗುಮಾಸ್ತರಾಗಿದ್ದಾಗ, 1913ರಲ್ಲಿ ಅವರು ಕೇಂಬ್ರಿಜಿನ ಹಾರ್ಡಿಯವರಿಗೆ ಬರೆದ ಪತ್ರವೂ, ಮರುವರ್ಷ ಅವರು ಇಂಗ್ಲೆಂಡಿಗೆ ಹೋದುದೂ ಎಲ್ಲರೂ ಬಲ್ಲ ಸಂಗತಿಗಳು. 1920ರಲ್ಲಿ, ಮೂವತ್ತೆರಡನೆಯ ವಯಸ್ಸಿನಲ್ಲಿಯೇ, ಅವರು ತೀರಿಕೊಂಡರು.

ಅವರು ಬಿಟ್ಟುಹೋದ ಟಿಪ್ಪಣಿಪುಸ್ತಕಗಳಲ್ಲಿ ಮೂರು ಸಾವಿರಕ್ಕೂ ಮಿಕ್ಕ ಫಲಿತಗಳಿದ್ದುವು, ಬಹುಪಾಲಿಗೆ ಸಾಧನೆಯಿರಲಿಲ್ಲ. 1957ರಲ್ಲಿ ಬೊಂಬಾಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯು ಆ ಪುಸ್ತಕಗಳನ್ನು ಇದ್ದಂತೆಯೇ ಎರಡು ಸಂಪುಟಗಳಲ್ಲಿ ಅಚ್ಚುಮಾಡಿಸಿತು. ಅಮೆರಿಕದ ಬ್ರೂಸ್ ಬರ್ಂಡ್ಟ್ ಎಂಬ ವಿದ್ವಾಂಸರು ಒಂದೊಂದು ಫಲಿತಕ್ಕೂ ಸಾಧನೆಯನ್ನು ಒದಗಿಸುತ್ತ ಪ್ರಕಟಿಸಿದ ಐದು ಸಂಪುಟಗಳು 1985ರಿಂದ 1998ರವರೆಗೆ ಹೊರಬಂದುವು. ಇಷ್ಟರಲ್ಲಿಯೇ ಮುಗಿಯಲಿಲ್ಲ. ರಾಮಾನುಜನ್ ಅವರು ಕಡೆಯ ವರ್ಷದಲ್ಲಿ ರೋಗಶಯ್ಯೆಯಲ್ಲಿದ್ದಾಗಲೂ ಬರೆದ ಹಾಳೆಗಳು ಇಂಗ್ಲೆಂಡನ್ನು ಸೇರಿ, ಕೈಯಿಂದ ಕೈಗೆ ದಾಟಿ, ವಾಟ್ಸನ್ ಎಂಬ ಗಣಿತಜ್ಞರ ಮನೆಯಲ್ಲಿ ಉಳಿದಿದ್ದುವು. 1965ರಲ್ಲಿ ವಾಟ್ಸನ್ ಅವರು ತೀರಿಕೊಂಡ ಬಳಿಕ ಅಲ್ಲಿಗೆ ಹೋದ ಗಣಿತಜ್ಞರೊಬ್ಬರು, ಕೋಣೆಯ ನೆಲದ ಮೇಲೆ ಒಂದು ಅಡಿಯಷ್ಟು ಎತ್ತರ ಹರಡಿದ್ದ ಕಾಗದಗಳನ್ನೂ, ಕೆಲವೇ ದಿನಗಳಲ್ಲಿ ಅವನ್ನೆಲ್ಲ ಸುಡುವುದೆಂದು ಗೊತ್ತಾಗಿದ್ದುದನ್ನೂ ಕಂಡರು. ಉಳಿಸತಕ್ಕವುಗಳನ್ನು ಆರಿಸಿ ಕೇಂಬ್ರಿಜಿನ ಟ್ರಿನಿಟಿ ಕಾಲೇಜಿಗೆ ಒಪ್ಪಿಸಿದರು. ಅವುಗಳ ನಡುವೆ ರಾಮಾನುಜನ್ ಅವರ ಕೈಬರೆಹದ ನೂರಕ್ಕೂ ಹೆಚ್ಚು ಪುಟಗಳಿರುವುದನ್ನು 1976ರಲ್ಲಿ ಜಾರ್ಜ್ ಆಂಡ್ರೂಸ್ ಅವರು ಗುರುತಿಸಿದರು. ಪಂಡಿತಲೋಕವು ಅದನ್ನು ‘ಕಳೆದುಹೋದ ಟಿಪ್ಪಣಿಪುಸ್ತಕ’ವೆಂದು ಕರೆಯುತ್ತದೆ.

ಈ ವೃತ್ತಾಂತದಿಂದ ತಿಳಿಯುವ ನೀತಿ ಎರಡು ಬಗೆಯದು. ಕಾಗದಕ್ಕೆ ಇಳಿದುದು ಬೆಂಕಿಯ ಬಾಯಿಯ ವರೆಗೆ ಹೋಗಿಯೂ ಉಳಿಯಿತು. ಸ್ಲೇಟಿನ ಮೇಲೆ ನಿಂತುದು, ಎಂದರೆ ಆ ಮಹಾನುಭಾವರ ಮನಸ್ಸು ಯಾವ ದಾರಿ ಹಿಡಿದು ಫಲಿತಕ್ಕೆ ಬಂದಿತೆಂಬುದು, ಮೊಣಕೈಯ ಕೆಳಗೆ ಅಳಿದುಹೋಯಿತು. ಆ ದಾರಿಯನ್ನು ಮತ್ತೆ ಕಡಿಯಲು ಬೇರೆಯವರು ದಶಕಗಟ್ಟಲೆ ದುಡಿಯಬೇಕಾಯಿತು. ರಾಮಾನುಜನ್ ಅವರಿಗೆ ಹಾಗೆ ದುಡಿಯುವವರು ಸಿಕ್ಕಿದರು. ನಮ್ಮ ನಿಮ್ಮ ವಿಚಾರಗಳ ದಾರಿ ಅಳಿದರೆ ಅದನ್ನು ಹುಡುಕಲು ಯಾರೂ ಬರಲಾರರು. ಆದುದರಿಂದ ಬರೆದಿಡುವಾಗ ‘ಏನು’ ಎಂಬುದರ ಜೊತೆಗೆ ‘ಏಕೆ’ ಎಂಬುದನ್ನೂ ಬರೆಯತಕ್ಕದ್ದು. ಈ ಲೇಖನದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದೇ.

‘ಏಕೆ’ ಎಂಬುದು ಕಾಣೆಯಾದರೆ ಎಂತಹ ನಷ್ಟವೆಂಬುದಕ್ಕೆ ಮಲೆನಾಡಿನ ಒಂದು ಮನೆಯಲ್ಲಿ ನಡೆದುದನ್ನು ಹೇಳುತ್ತೇನೆ. ಆ ಮನೆಯ ಹಿರಿಯರು ಪ್ರತಿವರ್ಷವೂ ಮಳೆಗಾಲಕ್ಕೆ ಮುಂಚೆ ಅಡಿಕೆತೋಟದ ಕೆಳಮೂಲೆಯ ಬಸಿಗಾಲುವೆಯನ್ನು ಮಿಕ್ಕ ಕಾಲುವೆಗಳಿಗಿಂತ ಒಂದು ಮೊಳ ಆಳವಾಗಿ ತೆಗೆಯಿಸುತ್ತಿದ್ದರು. ಅದರ ಪಕ್ಕದ ನೆಲದಲ್ಲಿ ಒಂದು ಗಿಡವನ್ನೂ ನೆಡಗೊಡುತ್ತಿರಲಿಲ್ಲ. ಅವರು ತೀರಿಕೊಂಡರು. ಮಕ್ಕಳು ಬುದ್ಧಿವಂತರು, ಶ್ರಮಜೀವಿಗಳು. ಅಷ್ಟು ನೆಲ ಸುಮ್ಮನೆ ಬಿದ್ದಿದೆಯಲ್ಲ ಎಂದು ಕಾಲುವೆಯನ್ನು ಅರ್ಧ ತುಂಬಿಸಿ ಸಸಿ ನೆಡಿಸಿದರು. ಎರಡು ಮಳೆಗಾಲಗಳು ಏನೂ ಆಗದೆ ಕಳೆದುವು. ಮೂರನೆಯ ವರ್ಷ ಆಷಾಢದಲ್ಲಿ ಮಳೆ ಹಿಡಿದು ಬಿಡಲಿಲ್ಲ. ಆ ಮೂಲೆಯಲ್ಲಿ ನೀರು ನಿಂತಿತು; ಸಸಿಗಳ ಜೊತೆಗೆ ಫಲ ಕೊಡುತ್ತಿದ್ದ ಮರಗಳೂ ಬೇರು ಕೊಳೆತು ಹಳದಿ ತಿರುಗಿ ಸತ್ತುವು. ಬಹುಕಾಲ ಆ ಮನೆಯಲ್ಲಿ ಕೆಲಸಮಾಡಿದ್ದ ಮುದುಕನೊಬ್ಬನು ಆಮೇಲೆ ಹೇಳಿದನು: ‘ಆ ಮೂಲೆಯಲ್ಲಿ ಒಂದು ಒರತೆ ಉಂಟು ಒಡೆಯಾ, ಮಳೆ ಜೋರಾದ ವರ್ಷ ಮಾತ್ರ ಬಾಯಿ ಬಿಡುತ್ತದೆ. ದೊಡ್ಡ ಒಡೆಯರು ಹುಡುಗರಾಗಿದ್ದಾಗ ಕಂಡಿದ್ದರು.’

ಏನು ಮಾಡಬೇಕೆಂಬುದನ್ನು ಮಕ್ಕಳು ಕಣ್ಣಾರೆ ಕಂಡಿದ್ದರು. ಏಕೆಂಬುದನ್ನು ಕೇಳಿರಲಿಲ್ಲ, ತಂದೆಯೂ ಹೇಳಿರಲಿಲ್ಲ. ಆ ಮನೆಯಲ್ಲಿ ಅಡಿಕೆ ಮಾರಾಟದ ಲೆಕ್ಕದ ಪುಸ್ತಕಗಳು ಐವತ್ತು ವರ್ಷದವು ಜೋಪಾನವಾಗಿದ್ದುವು. ಅವುಗಳಲ್ಲಿ ಯಾವುದಾದರೊಂದರ ಕೊನೆಯ ಪುಟದಲ್ಲಿ ಈ ಒಂದು ಸಾಲು ಇದ್ದಿದ್ದರೆ ಆ ಮರಗಳು ಇಂದಿಗೂ ಫಲ ಕೊಡುತ್ತಿದ್ದುವು.

ಹಾಗಾದರೆ ಬರೆಯುವ ಕ್ರಮ ಹೇಗೆ? ನಮ್ಮ ನ್ಯಾಯಶಾಸ್ತ್ರವು ಇದಕ್ಕೆ ಒಂದು ಒಳ್ಳೆಯ ಅಚ್ಚನ್ನು ಕೊಟ್ಟಿದೆ. ಅನುಮಾನವನ್ನು ಇನ್ನೊಬ್ಬರಿಗೆ ಒಪ್ಪಿಸುವಾಗ ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ ಎಂಬ ಐದು ಅವಯವಗಳಿರಬೇಕೆಂದು ನೈಯಾಯಿಕರು ಹೇಳುತ್ತಾರೆ. ಬೆಟ್ಟದಲ್ಲಿ ಬೆಂಕಿಯಿದೆ ಎಂಬುದು ಪ್ರತಿಜ್ಞೆ. ಹೊಗೆಯಿರುವುದರಿಂದ ಎಂಬುದು ಹೇತು. ಅಡುಗೆಮನೆಯಲ್ಲಿ ಹೇಗೋ ಹಾಗೆ ಎಂಬುದು ಉದಾಹರಣೆ. ಶಾಸ್ತ್ರಕಾರರು ಉದಾಹರಣೆಗಾಗಿ ಅಡುಗೆಮನೆಗೇ ಬಂದುದನ್ನು ಗೃಹಿಣಿಯರು ಗಮನಿಸಬೇಕು. ನಮ್ಮ ಟಿಪ್ಪಣಿಗೆ ಐದೂ ಬೇಕಾಗಿಲ್ಲ, ಮೊದಲ ಮೂರು ಸಾಕು. ಹೊಳೆದದ್ದೇನು, ಏಕೆ ಹಾಗೆ ತೋರಿತು, ಎಲ್ಲಿ ಅದನ್ನು ಕಂಡೆವು ಎಂಬ ಈ ಮೂರರೊಡನೆ ತೇದಿಯೊಂದಿದ್ದರೆ ಟಿಪ್ಪಣಿಯು ಪೂರ್ಣವಾಯಿತು.

ಒಂದು ದೃಷ್ಟಾಂತವನ್ನು ನೋಡೋಣ. ‘ಉಪ್ಪಿನಕಾಯಿ — ತೇವ’ ಎಂದು ಎರಡೇ ಶಬ್ದ ಬರೆದಿಟ್ಟರೆ ಬರೆದವರಿಗೇ ಆರು ತಿಂಗಳ ಮೇಲೆ ಅದು ಒಗಟಾಗುತ್ತದೆ. ಅದರ ಬದಲು ಹೀಗೆ ಬರೆದರೆ: ‘ಏಪ್ರಿಲ್ 14. ಹೋದ ವರ್ಷದ ಮಿಡಿ ಉಪ್ಪಿನಕಾಯಿ ಬೂಷ್ಟು ಹಿಡಿಯಿತು. ತೊಳೆದ ಮಿಡಿಯ ತೇವ ಪೂರ್ತಿ ಆರಿರಲಿಲ್ಲವೆಂದು ತೋರುತ್ತದೆ. ಏಕೆಂದರೆ ಮರುದಿನ ಹಾಕಿದ ಭರಣಿ ಕೆಡಲಿಲ್ಲ. ಈ ಸಲ ಎಲ್ಲವನ್ನೂ ಒಂದು ದಿನ ಹೆಚ್ಚಾಗಿ ಆರಿಸಿ ನೋಡಬೇಕು.’ ಇದರಲ್ಲಿ ವಿಚಾರವಿದೆ, ಕಾರಣವಿದೆ, ಕಂಡ ನಿದರ್ಶನವಿದೆ, ಮುಂದಿನ ಪರೀಕ್ಷೆಯೂ ಇದೆ. ಮರುವರ್ಷ ಊಹೆ ಸರಿಯೋ ತಪ್ಪೋ ಗೊತ್ತಾಗುತ್ತದೆ. ತಪ್ಪಾದರೂ ಲಾಭವೇ, ಬೇರೆ ಕಾರಣವನ್ನು ಹುಡುಕಬೇಕೆಂದು ತಿಳಿಯಿತಷ್ಟೆ. ಸೊಸೆಗೋ ಮಗಳಿಗೋ ಆ ಪುಟವನ್ನು ಕೊಟ್ಟರೆ ‘ಅತ್ತೆಯವರು ಹೀಗೆ ಮಾಡುತ್ತಿದ್ದರು’ ಎಂಬಲ್ಲಿಗೆ ನಿಲ್ಲದೆ, ಹೀಗೇಕೆ ಮಾಡುತ್ತಿದ್ದರೆಂಬುದೂ ಆಕೆಗೆ ದೊರೆಯುತ್ತದೆ.

ಉಪ್ಪಿನಕಾಯಿಯಂತಹ ವಿಷಯಕ್ಕೆ ಇಷ್ಟು ಶಾಸ್ತ್ರವೇ ಎಂದು ನಗಬೇಕಾಗಿಲ್ಲ. ಸುಮಾರು 1025ರಲ್ಲಿ ಚಾಲುಕ್ಯರ ಆಶ್ರಯದಲ್ಲಿದ್ದ ಎರಡನೆಯ ಚಾವುಂಡರಾಯನು ‘ಲೋಕೋಪಕಾರ’ವೆಂಬ ಕನ್ನಡ ಗ್ರಂಥವನ್ನು ರಚಿಸಿದಾಗ, ಜ್ಯೋತಿಷ ವಾಸ್ತು ವೈದ್ಯಗಳ ಜೊತೆಗೆ ನೀರಿನ ನೆಲೆಯನ್ನು ಗುರುತಿಸುವುದು, ಗಿಡಮರಗಳ ಪೋಷಣೆ, ಸುಗಂಧದ್ರವ್ಯಗಳು, ಅಡುಗೆ ಇವುಗಳಿಗೂ ಸ್ಥಾನವನ್ನು ಕೊಟ್ಟನು. ಮನೆಯ ಬಾಳಿಗೆ ಬೇಕಾದ ತಿಳಿವಳಿಕೆಯು ಬರೆಹಕ್ಕೆ ಯೋಗ್ಯವೆಂದು ಸಾವಿರ ವರ್ಷಗಳ ಹಿಂದೆಯೇ ಕನ್ನಡಿಗರು ಅರಿತಿದ್ದರು.

ಇನ್ನು ಪುಸ್ತಕದ ಮಾತು. ನಮ್ಮ ನಾಡಿನಲ್ಲಿ ಹಿಂದೆ ‘ಕಡತ’ವೆಂಬುದೊಂದಿತ್ತು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲಪುಡಿಯನ್ನೂ ಬಳಿದು ಕಪ್ಪುಮಾಡಿ, ಒಣಗಿಸಿ, ಮಡಿಕೆಮಡಿಕೆಯಾಗಿ ಮಡಿಸಿ, ಅದರ ಮೇಲೆ ಬಿಳಿಯ ಬಳಪದಿಂದ ಬರೆಯುತ್ತಿದ್ದರು. ವರ್ತಕರ ಲೆಕ್ಕಗಳೂ ಮಠಗಳ ದಾಖಲೆಗಳೂ ಅದರಲ್ಲಿರುತ್ತಿದ್ದುವು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಇಂದು ಆಧಾರಗಳಾಗಿವೆ. ಈಗ ಸರಕಾರಿ ಕಛೇರಿಯ ಕಾಗದದ ಕಟ್ಟಿಗೆ ಆ ಹೆಸರು ಉಳಿದಿದೆ. ಹಳೆಯ ವರ್ತಕರ ಇನ್ನೊಂದು ಪದ್ಧತಿಯೂ ನಮಗೆ ಅನುಸರಣೀಯವಾದುದು. ಅವರು ಕಿರ್ದಿಯನ್ನೂ ಖಾತೆಯನ್ನೂ ಬೇರೆಬೇರೆಯಾಗಿ ಇಡುತ್ತಿದ್ದರು. ದಿನದ ವ್ಯವಹಾರವೆಲ್ಲ ನಡೆದ ಕ್ರಮದಲ್ಲಿಯೇ ಕಿರ್ದಿಗೆ ಏರುವುದು; ಬಿಡುವಾದಾಗ ಕಿರ್ದಿಯಿಂದ ಆಯಾ ಹೆಸರಿನ ಖಾತೆಗೆ ಸೇರುವುದು. ವಿಚಾರಗಳಿಗೂ ಹಾಗೆಯೇ. ಒಂದು ಚಿಕ್ಕ ಪುಸ್ತಕ ಕಿರ್ದಿಯಾಗಲಿ. ಅದರಲ್ಲಿ ಅಡುಗೆ, ಮಕ್ಕಳ ವಿದ್ಯೆ, ತೋಟ, ಓದಿದ ಪುಸ್ತಕ, ದೇವರ ಧ್ಯಾನ, ಯಾವುದೇ ಆಗಲಿ ಬಂದಂತೆ ಬರೆಯಿರಿ; ಅಂದವನ್ನೂ ವಿಂಗಡಣೆಯನ್ನೂ ಯೋಚಿಸಬೇಡಿರಿ. ಹದಿನೈದು ದಿನಕ್ಕೊಮ್ಮೆ ಕುಳಿತು ಓದಿ, ಉಳಿಯತಕ್ಕುದನ್ನು ಮಾತ್ರ ದೊಡ್ಡ ಪುಸ್ತಕಕ್ಕೆ ಏರಿಸಿರಿ.

ಈ ಎರಡನೆಯ ಓದನ್ನು ಯಾರೂ ಬಿಡಬಾರದು. ಮನಸ್ಸಿನಲ್ಲಿರುವಾಗ ಎಲ್ಲ ವಿಚಾರವೂ ಆನೆಯಷ್ಟು ದೊಡ್ಡದು. ಕಾಗದದ ಮೇಲೆ ಹದಿನೈದು ದಿನ ಕಳೆದರೆ ಅದರ ನಿಜವಾದ ಅಳತೆ ಕಾಣುತ್ತದೆ. ಹತ್ತರಲ್ಲಿ ಏಳೆಂಟು ಜೊಳ್ಳೆಂದು ತೋರಿದರೆ ನಾಚಿಕೆಪಡಬೇಕಾಗಿಲ್ಲ. ತೂರಿದಾಗ ಜೊಳ್ಳು ಹಾರುವುದು ಕಣದ ಧರ್ಮ. ಹೊತ್ತು ತಂದು ಕಣಕ್ಕೆ ಹಾಕದಿದ್ದರೆ ಕಾಳೂ ದೊರೆಯದು.

ಅಭ್ಯಾಸವು ಬೇರೂರುವ ಬಗೆಯನ್ನು ಕುರಿತೂ ಎರಡು ಮಾತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಮಂದಿಯನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ಪ್ರಕಾರ, ದಿನದ ಒಂದು ಗೊತ್ತಾದ ಸಂದರ್ಭಕ್ಕೆ ಹೊಂದಿಸಿದ ಸಣ್ಣ ಕೆಲಸವು ತಾನಾಗಿ ನಡೆಯುವ ಅಭ್ಯಾಸವಾಗಲು ಸುಮಾರು 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕಾದರೆ, ಕೆಲವರಿಗೆ 254 ದಿನ ಬೇಕಾಗಬಹುದೆಂದು ಲೆಕ್ಕ ತೋರಿಸಿತು. ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂತಹ ಹಾನಿಯಾಗಲಿಲ್ಲ. ನಮ್ಮವರು 48 ದಿನಗಳ ಮಂಡಲವನ್ನು ವ್ರತಕ್ಕೆ ಗೊತ್ತುಮಾಡುವುದುಂಟಷ್ಟೆ. ಬರೆಯುವ ವ್ರತಕ್ಕೆ ಒಂದು ಮಂಡಲವನ್ನೂ ಅದರ ಮೇಲೆ ಮೂರು ವಾರವನ್ನೂ ಕೊಟ್ಟು ನೋಡಿರಿ. ಸಂಜೆ ದೀಪ ಹಚ್ಚಿದ ಮೇಲೆ, ಇಲ್ಲವೆ ರಾತ್ರಿ ಊಟವಾಗಿ ಪಾತ್ರೆ ಒಳಗಿಟ್ಟ ಮೇಲೆ, ಎರಡು ಸಾಲು. ಅದಕ್ಕಿಂತ ಹೆಚ್ಚು ಬರೆಯುತ್ತೇನೆಂದು ಮೊದಲೇ ಸಂಕಲ್ಪ ಮಾಡಬಾರದು. ದೊಡ್ಡ ಸಂಕಲ್ಪಗಳು ಮೂರನೆಯ ದಿನಕ್ಕೆ ಬಳಲುತ್ತವೆ. ಹಗಲು ಹೊಳೆದುದಕ್ಕೆ ಅಡುಗೆಮನೆಯ ಗೂಡಿನಲ್ಲಿ ಒಂದು ಪೆನ್ಸಿಲ್ಲೂ ಚೂರು ಕಾಗದವೂ ಇರಲಿ. ಕ್ಯಾಲೆಂಡರಿನ ಹಾಳೆಯ ಹಿಂಭಾಗವೂ ಸಾಕು.

ಮಲಗುವ ಮುನ್ನ ಬರೆಯುವುದರಿಂದ ಬೇರೊಂದು ಪ್ರಯೋಜನವೂ ಉಂಟು. ಅಮೆರಿಕದ ಬೇಲರ್ ವಿಶ್ವವಿದ್ಯಾನಿಲಯದಲ್ಲಿ 57 ಮಂದಿ ತರುಣರ ಮೇಲೆ ನಡೆಸಿ 2018ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆಯಲ್ಲಿ, ಮುಂದೆ ಮಾಡಬೇಕಾದ ಕೆಲಸಗಳನ್ನು ಐದು ನಿಮಿಷ ಬರೆದು ಮಲಗಿದವರು, ಮಾಡಿ ಮುಗಿಸಿದ ಕೆಲಸಗಳನ್ನು ಬರೆದವರಿಗಿಂತ ಸುಮಾರು ಒಂಬತ್ತು ನಿಮಿಷ ಬೇಗ ನಿದ್ದೆಹೋದರು. ನಾಳಿನ ಹೊರೆಯನ್ನು ಕಾಗದವು ಹೊತ್ತುಕೊಂಡರೆ ತಲೆಗೆ ವಿಶ್ರಾಂತಿ ದೊರೆಯುವುದೆಂದು ಕಾಣುತ್ತದೆ.

ಈಗ ಎಲ್ಲರ ಕೈಯಲ್ಲಿಯೂ ಮೊಬೈಲ್ ಇದೆಯಲ್ಲ, ಪುಸ್ತಕವೇಕೆ ಎಂದು ತರುಣರು ಕೇಳುವರು. ಕಿರ್ದಿಗೆ ಅದೂ ಆಗಬಹುದು. ಅಕ್ಷರ ಬಾರದ ಅಜ್ಜಿಯ ಮಾತನ್ನು ಆಕೆಯ ಧ್ವನಿಯಲ್ಲಿಯೇ ಹಿಡಿದಿಡಲು ಅದಕ್ಕಿಂತ ಒಳ್ಳೆಯ ಸಾಧನವಿಲ್ಲ. ಆದರೆ ಮೊಬೈಲು ಹಳತಾದಾಗ, ಕೆಟ್ಟಾಗ, ಕಳೆದಾಗ ಅದರೊಳಗಿನ ಬರೆಹವೂ ಹೋಗುವುದನ್ನು ನಾವು ಕಾಣುತ್ತಿದ್ದೇವೆ. ಆದಕಾರಣ ಖಾತೆಯು ಮಾತ್ರ ಕಾಗದದಲ್ಲಿರುವುದು ಕ್ಷೇಮ. ಇನ್ನೊಬ್ಬರು ಓದಿಬಿಟ್ಟಾರೆಂಬ ಸಂಕೋಚವುಳ್ಳವರಿಗೆ ಒಂದು ಕಿವಿಮಾತು: ಮನೆಯವರೆಲ್ಲ ಓದಬಹುದಾದ ಪುಸ್ತಕವನ್ನೂ ಸ್ವಂತದ ಪುಸ್ತಕವನ್ನೂ ಬೇರೆಮಾಡಿರಿ; ಮನೆಯವರು ಆ ಎರಡನೆಯದನ್ನು ಮುಟ್ಟದಿರುವುದು ಸಭ್ಯತೆ. ಕಾಗುಣಿತ ತಪ್ಪೀತೆಂಬ ಭಯವಂತೂ ಬೇಡವೇ ಬೇಡ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕೆಂಪು ಶಾಯಿಯಿಂದ ಕಾಗುಣಿತ ತಿದ್ದಿದ ಮೇಷ್ಟರು ಹೇಳುತ್ತಿದ್ದಾನೆಂದು ನಂಬಿರಿ. ತಪ್ಪಕ್ಷರದ ಒಳ್ಳೆಯ ವಿಚಾರವನ್ನು ಯಾವಾಗಲಾದರೂ ತಿದ್ದಬಹುದು. ಬರೆಯದ ವಿಚಾರವನ್ನು ತಿದ್ದುವವರಾರು?

ಮನೆಯಲ್ಲಿ ಮಕ್ಕಳಿದ್ದರೆ ಅವರ ಪ್ರಶ್ನೆಗಳನ್ನು ಅವರ ಮಾತಿನಲ್ಲಿಯೇ ಬರೆದಿಡಿರಿ. ಉತ್ತರ ಈಗ ತಿಳಿಯದಿದ್ದರೂ ಚಿಂತೆಯಿಲ್ಲ. ಹಿರಿಯರಿದ್ದರೆ ವಾರಕ್ಕೊಮ್ಮೆ ಅವರ ಬಳಿ ಕುಳಿತು, ಅವರು ರೂಢಿಯಾಗಿ ಮಾಡುವ ಒಂದು ಕೆಲಸವನ್ನು ಆರಿಸಿ, ‘ಇದನ್ನು ಹೀಗೇಕೆ ಮಾಡುತ್ತೀರಿ?’ ಎಂದು ಕೇಳಿ ಬರೆದುಕೊಳ್ಳಿರಿ. ಅವರಿಗೆ ಸಂತೋಷವಾಗುವುದು, ನಿಮಗೆ, ನಿಮ್ಮ ಮುಂದಿನವರಿಗೆ, ಅವರ ಬಾಳಿನ ಅನುಭವವು ಕಾರಣಸಹಿತವಾಗಿ ಉಳಿಯುವುದು. ಹೊಲಮನೆಗಳನ್ನು ಹಂಚಿಕೊಂಡರೆ ಒಬ್ಬೊಬ್ಬರ ಪಾಲಿಗೆ ಬರುವುದು ಕಡಮೆಯಾಗುತ್ತದೆ. ಈ ಪುಸ್ತಕವನ್ನಾದರೋ ಎಷ್ಟು ಮಂದಿ ಮಕ್ಕಳು ನಕಲುಮಾಡಿಕೊಂಡರೂ ಪ್ರತಿಯೊಬ್ಬರಿಗೂ ಪೂರ್ಣವಾಗಿಯೇ ದೊರೆಯುತ್ತದೆ.

ಶುಭಮುಹೂರ್ತಕ್ಕಾಗಿ ಕಾಯಬೇಕಾಗಿಲ್ಲ, ಹೊಸ ಪುಸ್ತಕವನ್ನು ಕೊಳ್ಳಬೇಕಾಗಿಯೂ ಇಲ್ಲ. ಈ ಮಾಸಪತ್ರಿಕೆಯನ್ನು ಕೆಳಗಿಡುವ ಮೊದಲು, ಓದುತ್ತಿರುವಾಗ ನಿಮಗೆ ಹೊಳೆದ ಯಾವುದಾದರೊಂದು ಮಾತನ್ನು ಇದರ ಅಂಚಿನಲ್ಲಿಯೇ ಬರೆಯಿರಿ. ಅದು ನನ್ನ ಅಭಿಪ್ರಾಯಕ್ಕೆ ವಿರುದ್ಧವಾದುದಾದರೆ ಇನ್ನೂ ಒಳ್ಳೆಯದು; ಏಕೆಂಬುದನ್ನು ಮಾತ್ರ ಜೊತೆಗೆ ಬರೆಯಲು ಮರೆಯಬೇಡಿರಿ.